ಕಂಡದ್ದು, ಕೇಳಿದ್ದು, ಓದಿದ್ದು: ಬೇಸಿಗೆ ತರಬೇತಿಯ ವರದಿ ಬರೆಯುವ ಬಗೆ

ವೈವಾ ಮೇಜಿನ ಮೇಲೆ ಕಪ್ಪು ರಟ್ಟಿನ, ಚಿನ್ನದ ಬಣ್ಣದ ಅಕ್ಷರಗಳ ವರದಿಯೊಂದು ಬಂದು ಕೂತಿತು. ವಿದ್ಯಾರ್ಥಿ ಎಲೆಕ್ಟ್ರಿಕಲ್ ವಿಭಾಗದವನು. 220 ಕೆವಿ ಸಬ್‌ಸ್ಟೇಷನ್ನೊಂದರಲ್ಲಿ ನಾಲ್ಕು ವಾರ ತರಬೇತಿ ಮುಗಿಸಿ ಬಂದಿದ್ದ. ಎರಡನೆಯ ಅಧ್ಯಾಯದ ಮೊದಲ ಸಾಲಿನಲ್ಲಿಯೇ ಶಿವನಸಮುದ್ರವು ಏಷ್ಯಾದ ಮೊಟ್ಟಮೊದಲ ಜಲವಿದ್ಯುತ್ ಕೇಂದ್ರ ಎಂದು ಬರೆದಿತ್ತು. 'ಇದು ಎಲ್ಲಿಂದ ಬಂತಪ್ಪ?' ಎಂದು ಕೇಳಿದೆ. ಅವನು ತಡವರಿಸಲಿಲ್ಲ. 'ಸೀನಿಯರ್ ರಿಪೋರ್ಟಿನಲ್ಲಿ ಇತ್ತು ಸರ್' ಎಂದ.

ಉತ್ತರ ಪ್ರಾಮಾಣಿಕವಾಗಿತ್ತು, ಮಾಹಿತಿ ತಪ್ಪಾಗಿತ್ತು. ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್ ಕೇಂದ್ರ 1897ರಲ್ಲಿಯೇ ವಿದ್ಯುತ್ ಉತ್ಪಾದಿಸತೊಡಗಿತ್ತು. ಜಪಾನಿನ ಕ್ಯೋಟೋ ನಗರದ ಕೆಆಗೆ ಕೇಂದ್ರ ಅದಕ್ಕೂ ಹಿಂದಿನದು, 1891ರದು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರ ಜೂನ್ 30ರಂದು. ನಮ್ಮ ಕೇಂದ್ರದ ನಿಜವಾದ ಹೆಚ್ಚುಗಾರಿಕೆ ಇರುವುದು ಆ ಕಾಲದಲ್ಲಿ ಸುಮಾರು 147 ಕಿಲೋಮೀಟರ್ ದೂರಕ್ಕೆ ತಂತಿ ಎಳೆದು ವಿದ್ಯುತ್ ಮುಟ್ಟಿಸಿದ ಸಾಹಸದಲ್ಲಿ. ವಿದ್ಯುತ್ ಸಾಗಣೆಯ ಬಗ್ಗೆ ವರದಿ ಬರೆಯುವವನಿಗೆ ಬೇಕಾಗಿದ್ದದ್ದೇ ಈ ವಿಷಯ. ಆದರೆ ಅದು ಸೀನಿಯರ್ ವರದಿಯಲ್ಲಿ ಇರಲಿಲ್ಲ, ಹಾಗಾಗಿ ಇವನ ವರದಿಗೂ ಬರಲಿಲ್ಲ. ಸೀನಿಯರ್ ಕೂಡ ತನ್ನ ಸೀನಿಯರ್‌ನಿಂದ ಇಳಿಸಿಕೊಂಡಿದ್ದಿರಬೇಕು.

ಬೇಸಿಗೆ ತರಬೇತಿಯ ವರದಿ ಎಂದರೆ ಹೆಚ್ಚಿನ ವಿದ್ಯಾರ್ಥಿಗಳ ಪಾಲಿಗೆ ಅಕ್ಷರದ ಗಾತ್ರ, ಅಂಚಿನ ಅಳತೆ, ಕೊನೆಯ ಪುಟದಲ್ಲಿ ಐದಾರು ವೆಬ್‌ಸೈಟ್ ವಿಳಾಸಗಳು. ಇವೆಲ್ಲ ಪರೀಕ್ಷಕರ ಕಿರಿಕಿರಿಗೆ ಹೆದರಿ ಮಾಡುವ ಶಾಸ್ತ್ರ ಎಂಬ ಭಾವನೆ ಬೇರೂರಿದೆ. ವಾಸ್ತವದಲ್ಲಿ ಓದುವವನಿಗೆ ಇರುವುದು ಎರಡೇ ಪ್ರಶ್ನೆ. ನನಗೆ ಬೇಕಾದದ್ದು ಇದರಲ್ಲಿ ಎಲ್ಲಿದೆ? ನೀನು ಹೇಳುವುದು ನಿನಗೆ ಹೇಗೆ ಗೊತ್ತು? ಮೊದಲನೆಯದಕ್ಕೆ ಉತ್ತರ ಕೊಡುವುದು ವರದಿಯ ವಿನ್ಯಾಸ, ಎರಡನೆಯದಕ್ಕೆ ಉಲ್ಲೇಖ. ಎರಡನೆಯದೇ ಕಷ್ಟದ್ದು, ಆದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ.

ಮೂರು ಮೂಲಗಳು

ಪಿಎಚ್.ಡಿ. ಪ್ರಬಂಧಕ್ಕೂ ತರಬೇತಿ ವರದಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಪ್ರಬಂಧದ ಹಿನ್ನೆಲೆ ಬಹುಪಾಲು ಓದಿನಿಂದ ಬರುತ್ತದೆ. ತರಬೇತಿಗೆ ಹೋದವರು ಓದುವುದಕ್ಕಿಂತ ಹೆಚ್ಚಾಗಿ ನೋಡುತ್ತಾರೆ, ಕೇಳಿಸಿಕೊಳ್ಳುತ್ತಾರೆ. ವರದಿಯ ಪ್ರತಿ ಸಾಲೂ ಕಂಡದ್ದು, ಕೇಳಿದ್ದು, ಓದಿದ್ದು ಎಂಬ ಈ ಮೂರರಲ್ಲಿ ಒಂದಕ್ಕೆ ಸೇರಿರುತ್ತದೆ. ಯಾವುದು ಯಾವುದೆಂದು ಓದುಗನಿಗೆ ತಿಳಿಯುವಂತೆ ಬರೆದರೆ ಉಲ್ಲೇಖದ ಮುಕ್ಕಾಲು ಕೆಲಸ ಮುಗಿಯಿತು. ಮೂರನ್ನೂ ಕಲಸಿ ಚಿತ್ರಾನ್ನ ಮಾಡಿದರೆ ಯಾವ ಶೈಲಿಯ ಕೈಪಿಡಿಯೂ ಕಾಪಾಡುವುದಿಲ್ಲ.

ಸಬ್‌ಸ್ಟೇಷನ್ನಿನ ಉದಾಹರಣೆಯನ್ನೇ ಮುಂದುವರಿಸೋಣ. ದೊಡ್ಡ ಟ್ರಾನ್ಸ್‌ಫಾರ್ಮರುಗಳ ಪಕ್ಕದಲ್ಲಿ ಬ್ರೀದರ್ ಎಂಬ ಚಿಕ್ಕ ಡಬ್ಬಿ ಇರುತ್ತದೆ. ಅದರೊಳಗಿನ ಸಿಲಿಕಾ ಜೆಲ್, ಟ್ರಾನ್ಸ್‌ಫಾರ್ಮರ್ ಒಳಗೆಳೆದುಕೊಳ್ಳುವ ಗಾಳಿಯ ತೇವವನ್ನು ಹೀರುತ್ತದೆ. ಒಣಗಿದ್ದಾಗ ನೀಲಿ, ತೇವ ಕುಡಿದಾಗ ಗುಲಾಬಿ. ಸಾಮಾನ್ಯವಾಗಿ ವರದಿಯಲ್ಲಿ ಇದರ ಬಗ್ಗೆ ಇಂಟರ್‌ನೆಟ್ಟಿನಿಂದ ಇಳಿಸಿದ ಒಂದು ಪುಟವಿರುತ್ತದೆ, ಜೊತೆಗೆ ಯಾವುದೋ ದೇಶದ ಯಾವುದೋ ಬ್ರೀದರ್‌ನ ಚಿತ್ರ. ಅದರ ಬದಲಿಗೆ ಹೀಗೆ ಬರೆದದ್ದನ್ನು ಊಹಿಸಿಕೊಳ್ಳಿ:

'ಜುಲೈ 9ರಂದು ಎರಡನೆಯ ಟ್ರಾನ್ಸ್‌ಫಾರ್ಮರಿನ ಬ್ರೀದರ್‌ನಲ್ಲಿದ್ದ ಸಿಲಿಕಾ ಜೆಲ್ ಅರ್ಧದಷ್ಟು ಗುಲಾಬಿ ಬಣ್ಣಕ್ಕೆ ತಿರುಗಿತ್ತು (ಚಿತ್ರ 3.4). ಮಳೆಗಾಲದಲ್ಲಿ ಅದನ್ನು ಪದೇ ಪದೇ ಗಮನಿಸಬೇಕಾಗುತ್ತದೆ ಎಂದು ಪಾಳಿಯಲ್ಲಿದ್ದ ಇಂಜಿನಿಯರ್ ತಿಳಿಸಿದರು (ವೈಯಕ್ತಿಕ ಸಂವಹನ, ಜುಲೈ 9). ತೇವ ಹೀರಿದಾಗ ಬಣ್ಣ ಬದಲಾಗುವುದು ಜೆಲ್‌ಗೆ ಸೇರಿಸಿದ ಸೂಚಕ ರಾಸಾಯನಿಕದಿಂದ [4].'

ಇಲ್ಲಿರುವುದು ಮೂರು ವಾಕ್ಯ, ಮೂರು ಮೂಲ. ಮೊದಲನೆಯದಕ್ಕೆ ಸಾಕ್ಷಿ ನಿಮ್ಮ ಕಣ್ಣು ಮತ್ತು ನೀವು ತೆಗೆದ ಫೋಟೊ. ಅದಕ್ಕೆ ಪುಸ್ತಕದ ಉಲ್ಲೇಖ ಬೇಕಿಲ್ಲ, ದಿನಾಂಕ ಬೇಕು. ಎರಡನೆಯದು ಬಾಯಿಮಾತು. ಎಪಿಎ ಎಂಬ ಉಲ್ಲೇಖ ಶೈಲಿಯಲ್ಲಿ ಇಂಥದ್ದನ್ನು ಪಠ್ಯದೊಳಗೆ ಮಾತ್ರ ಸೂಚಿಸುತ್ತಾರೆ, ಕೊನೆಯ ಪಟ್ಟಿಗೆ ಸೇರಿಸುವುದಿಲ್ಲ. ಪಟ್ಟಿ ಇರುವುದು ಓದುಗ ಹುಡುಕಿ ತೆಗೆಯಬಲ್ಲ ಮೂಲಗಳಿಗೆ. ಇಂಜಿನಿಯರ್ ನಿಮಗೆ ಚಹಾ ಹೀರುತ್ತಾ ಹೇಳಿದ್ದನ್ನು ಯಾರೂ ಗ್ರಂಥಾಲಯದಲ್ಲಿ ಹುಡುಕಲಾರರು. ಮೂರನೆಯದು ಓದಿದ್ದು, ಅದಕ್ಕೆ ಪಟ್ಟಿಯಲ್ಲಿ ಒಂದು ನಮೂದು ಇರಲೇಬೇಕು, [4] ಎಂಬುದು ಅದರ ಸಂಖ್ಯೆ. ಪರೀಕ್ಷಕನಾಗಿ ಹೇಳುವುದಾದರೆ, ಇಂಥ ಮೂರು ಸಾಲು ಓದಿದ ಮೇಲೆ ಈ ವಿದ್ಯಾರ್ಥಿ ಅಲ್ಲಿಗೆ ನಿಜವಾಗಿ ಹೋಗಿದ್ದನೇ ಎಂಬ ಅನುಮಾನ ಉಳಿಯುವುದಿಲ್ಲ. ಆ ಅನುಮಾನ ನಮಗೆ ಎಷ್ಟು ಸಲ ಬರುತ್ತದೆ ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ.

ಕೇಳಿದ್ದನ್ನು ಓದಿ ಖಚಿತಪಡಿಸಿಕೊಂಡರೆ ಇನ್ನೂ ಒಳ್ಳೆಯದು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆ ಇಂಥ ಹೊತ್ತಿಗೇ ಹುಟ್ಟಿದಂತಿದೆ. ಸ್ವಿಚ್‌ಯಾರ್ಡಿನ ತುಂಬ ಜಲ್ಲಿ ಯಾಕೆ ಹಾಸಿದ್ದಾರೆ ಎಂದು ಕೇಳಿ ನೋಡಿ. ಹುಲ್ಲು ಬೆಳೆಯಬಾರದೆಂದು ಎನ್ನುತ್ತಾರೆ ಒಬ್ಬರು, ಹಾವು ಬರಬಾರದೆಂದು ಇನ್ನೊಬ್ಬರು, ಎಣ್ಣೆ ಸೋರಿದರೆ ಕೆಳಗಿಳಿಯಲಿ ಎಂದು ಮತ್ತೊಬ್ಬರು. ಯಾವುದೂ ಪೂರ್ತಿ ತಪ್ಪಲ್ಲ. ಆದರೆ ಮುಖ್ಯ ಕಾರಣ ಎಸಿ ಸಬ್‌ಸ್ಟೇಷನ್ನುಗಳ ಗ್ರೌಂಡಿಂಗ್ ಸುರಕ್ಷತೆಯ ಬಗೆಗಿನ ಇಂಜಿನಿಯರುಗಳ ಸಂಸ್ಥೆಯಾದ ಐಇಇಇಯ 'ಐಇಇಇ 80' ಎಂಬ ಮಾನಕದಲ್ಲಿದೆ. ಜಲ್ಲಿಯ ಪದರ ವಿದ್ಯುತ್ತಿಗೆ ಹೆಚ್ಚು ತಡೆ ಒಡ್ಡುತ್ತದೆ. ದೋಷ ಉಂಟಾಗಿ ನೆಲಕ್ಕೆ ವಿದ್ಯುತ್ ಹರಿದಾಗ ಅಲ್ಲಿ ನಿಂತವನ ಪಾದದ ಮೂಲಕ ದೇಹಕ್ಕೆ ನುಗ್ಗುವ ಪ್ರವಾಹವನ್ನು ಕಡಿಮೆ ಮಾಡುತ್ತದೆ. ಪದರದ ದಪ್ಪ ಸಾಮಾನ್ಯವಾಗಿ 8ರಿಂದ 15 ಸೆಂಟಿಮೀಟರ್. ಕೇಳಿದ್ದನ್ನು ಬರೆಯಿರಿ, ಮಾನಕ ಹೇಳುವುದನ್ನೂ ಅದರ ಪಕ್ಕದಲ್ಲಿಡಿ. ಒಂದು ಪ್ಯಾರಾ ಇಡೀ ಅಧ್ಯಾಯಕ್ಕಿಂತ ತೂಕದ್ದಾಗುತ್ತದೆ.

ಓದಿದ್ದರಲ್ಲಿಯೂ ಹಳತು ಹೊಸತು ನೋಡಬೇಕು. 1956ರ ಭಾರತೀಯ ವಿದ್ಯುತ್ ನಿಯಮಗಳನ್ನು ಈಗಲೂ ಜಾರಿಯಲ್ಲಿವೆ ಎಂಬಂತೆ ಉಲ್ಲೇಖಿಸುವ ವರದಿಗಳು ಬರುತ್ತಲೇ ಇರುತ್ತವೆ. 2003ರ ವಿದ್ಯುತ್ ಕಾಯ್ದೆಯ ನಂತರ, ಸುರಕ್ಷತೆಯ ವಿಷಯದಲ್ಲಿ ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ 2010ರ ನಿಯಮಾವಳಿ ಬಂತು. ಅದನ್ನೂ 2023ರ ನಿಯಮಾವಳಿ ಬದಲಿಸಿದೆ. ಸಂಸ್ಥೆಯ ಪರಿಚಯದ ಅಧ್ಯಾಯವೂ ಹಾಗೆಯೇ. ರಾಜ್ಯದ ವಿದ್ಯುತ್ ಸಾಗಣೆ ನಿಗಮವಾದ ಕೆಪಿಟಿಸಿಎಲ್ 1999ರ ಆಗಸ್ಟ್‌ನಲ್ಲಿ ಹುಟ್ಟಿದಾಗ ಸಾಗಣೆ, ವಿತರಣೆ ಎರಡೂ ಅದರ ಕೈಯಲ್ಲಿದ್ದವು. 2002ರಲ್ಲಿ ವಿತರಣೆಯನ್ನು ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳಿಗೆ ಹಂಚಲಾಯಿತು, 2005ರಲ್ಲಿ ಮೈಸೂರಿಗೆ ಪ್ರತ್ಯೇಕ ಕಂಪನಿ ಬಂತು. ಮನೆಮನೆಗೆ ಕರೆಂಟು ಕೊಡುವುದು ಕೆಪಿಟಿಸಿಎಲ್ ಎಂದು ಈಗಲೂ ಬರೆದರೆ, ನೀವು ಓದಿದ ಮೂಲ ಇಪ್ಪತ್ತು ವರ್ಷ ಹಳೆಯದೆಂದು ಗೊತ್ತಾಗಿಬಿಡುತ್ತದೆ. ಮೂಲದ ಜೊತೆ ವರ್ಷವನ್ನು ಬರೆಯಬೇಕೆಂದು ಎಲ್ಲ ಶೈಲಿಗಳೂ ಪಟ್ಟು ಹಿಡಿಯುವುದಕ್ಕೆ ಕಾರಣ ಇದೇ.

ದಿನಚರಿಯೇ ಬೀಜ

ಇಷ್ಟೆಲ್ಲ ಬರೆಯಬೇಕಾದರೆ ಕೊನೆಯ ವಾರ ಕೂತು ನೆನಪಿಸಿಕೊಂಡರೆ ಆಗದು. ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿಯಾದ ಎಐಸಿಟಿಇಯ ಇಂಟರ್ನ್‌ಶಿಪ್ ಮಾರ್ಗಸೂಚಿ ವಿದ್ಯಾರ್ಥಿ ಪ್ರತಿದಿನ ತರಬೇತಿ ದಿನಚರಿ ಬರೆಯಬೇಕು, ಕಂಡದ್ದರ ರೇಖಾಚಿತ್ರಗಳೂ ಅದರಲ್ಲಿರಬೇಕು, ಆ ವಿಭಾಗದ ಮೇಲ್ವಿಚಾರಕರು ಅದಕ್ಕೆ ಸಹಿ ಹಾಕಬೇಕು ಎನ್ನುತ್ತದೆ. ನಮ್ಮಲ್ಲಿ ನಡೆಯುವುದೇನು? ಕೊನೆಯ ದಿನ ಒಂದೇ ಪೆನ್ನಿನಲ್ಲಿ ಇಪ್ಪತ್ತೆಂಟು ದಿನಗಳ ದಿನಚರಿ ಬರೆದು, ಇಪ್ಪತ್ತೆಂಟು ಸಹಿಗಳನ್ನು ಒಂದೇ ಉಸಿರಿಗೆ ಹಾಕಿಸಿಕೊಳ್ಳುವುದು. ಭಾನುವಾರಕ್ಕೂ ಸಹಿ ಬಿದ್ದಿರುವುದನ್ನು ನೋಡಿದ್ದೇನೆ.

ದಿನಕ್ಕೆ ಹತ್ತು ನಿಮಿಷ ಸಾಕು. ದಿನಾಂಕ, ಯಾವ ವಿಭಾಗ, ಏನು ಕಂಡಿರಿ, ಯಾರು ಏನು ಹೇಳಿದರು, ಯಾವುದು ಅರ್ಥವಾಗಲಿಲ್ಲ. ಕೊನೆಯದೇ ಮುಂದೆ ಚಿನ್ನವಾಗುವುದು. ಸಂಜೆ ಮನೆಗೆ ಬಂದು ಓದಬೇಕಾದದ್ದರ ಪಟ್ಟಿ ಅದು. ಯಂತ್ರಗಳ ನೇಮ್‌ಪ್ಲೇಟ್ ವಿವರಗಳನ್ನು ಸ್ಥಳದಲ್ಲೇ ಬರೆದುಕೊಳ್ಳಿ. ಫೋಟೊ ತೆಗೆಯುವ ಮೊದಲು ಮಾತ್ರ ಕೇಳಿ. ಸಬ್‌ಸ್ಟೇಷನ್ ಆಗಲಿ, ಬ್ಯಾಂಕ್ ಆಗಲಿ, ಕಾರ್ಖಾನೆಯಾಗಲಿ, ಒಳಗಿನ ಎಲ್ಲವೂ ವರದಿಗೆ ಬರುವಂಥದ್ದಲ್ಲ. ಗ್ರಾಹಕರ ಹೆಸರಿರುವ ಕಂಪ್ಯೂಟರ್ ಪರದೆಯ ಚಿತ್ರವನ್ನು ಎಂಬಿಎ ವರದಿಯೊಂದರಲ್ಲಿ ನೋಡಿ ನಾನೇ ಗಾಬರಿಯಾಗಿ ಆ ಪುಟ ತೆಗೆಸಿದ್ದುಂಟು.

ಸಂಖ್ಯೆಯೋ, ಹೆಸರೋ

ಉಲ್ಲೇಖದ ಶೈಲಿಗಳು ಹಲವು. ಆದರೆ ಅವುಗಳ ಹಿಂದಿನ ಯೋಚನೆ ಎರಡೇ. ಒಂದು, ಪಠ್ಯದಲ್ಲಿ ಸಂಖ್ಯೆ ಹಾಕಿ ಕೊನೆಯಲ್ಲಿ ಅದೇ ಸಂಖ್ಯೆಯ ಮುಂದೆ ವಿವರ ಕೊಡುವುದು. ಇಂಜಿನಿಯರಿಂಗ್‌ನಲ್ಲಿ ಬಳಕೆಯಲ್ಲಿರುವ ಐಇಇಇ ಶೈಲಿ ಇದು. ಇನ್ನೊಂದು, ಪಠ್ಯದಲ್ಲೇ ಲೇಖಕರ ಹೆಸರು ಮತ್ತು ವರ್ಷ ಹಾಕಿ, ಕೊನೆಯಲ್ಲಿ ಅಕಾರಾದಿಯಾಗಿ ಪಟ್ಟಿ ಕೊಡುವುದು. ಮ್ಯಾನೇಜ್‌ಮೆಂಟ್, ಮನಶ್ಶಾಸ್ತ್ರ, ಸಮಾಜವಿಜ್ಞಾನದವರು ಬಳಸುವ ಎಪಿಎ ಈ ಬಗೆಯದು. ಅದರ ಈಗಿನದು ಏಳನೆಯ ಆವೃತ್ತಿ, 2019ರದು. ಯಾವುದು ಒಳ್ಳೆಯದು ಎಂದು ಕೇಳಬೇಡಿ. ನಿಮ್ಮ ವಿಭಾಗ ಕೊಟ್ಟ ಹಾಳೆಯಲ್ಲಿ ಯಾವುದಿದೆಯೋ ಅದು. ಹಾಳೆಯಲ್ಲಿ ಏನೂ ಇಲ್ಲದಿದ್ದರೆ ಗೈಡನ್ನು ಕೇಳಿ, ಅವರೂ ನಕ್ಕು ಸುಮ್ಮನಾದರೆ ಒಂದನ್ನು ಆರಿಸಿಕೊಂಡು ಕೊನೆಯವರೆಗೂ ಅದಕ್ಕೇ ಅಂಟಿಕೊಳ್ಳಿ.

ಐಇಇಇಯಲ್ಲಿ ಸಂಖ್ಯೆ ಬರುವುದು ಪಠ್ಯದಲ್ಲಿ ಮೊದಲು ಕಾಣಿಸಿಕೊಂಡ ಕ್ರಮದಲ್ಲಿ. ಮೂರನೆಯ ಮೂಲ ಏಳನೆಯ ಪುಟದಲ್ಲಿ ಮತ್ತೆ ಬಂದರೆ ಅಲ್ಲಿಯೂ [3] ಎಂದೇ ಇರಬೇಕು, ಹೊಸ ಸಂಖ್ಯೆ ಕೊಡುವಂತಿಲ್ಲ. ಕೈಯಿಂದ ಸಂಖ್ಯೆ ಹಾಕಿದವರ ಪಾಡು ಕೊನೆಯ ರಾತ್ರಿ ಗೊತ್ತಾಗುತ್ತದೆ. ಗೈಡ್ ಒಂದನೇ ಅಧ್ಯಾಯಕ್ಕೆ ಹೊಸ ಮೂಲವೊಂದನ್ನು ಸೇರಿಸು ಎನ್ನುತ್ತಾರೆ, ಆಮೇಲಿನ ಇಪ್ಪತ್ತೂ ಸಂಖ್ಯೆಗಳು ಒಂದೊಂದು ಮುಂದಕ್ಕೆ ಜರುಗಬೇಕು. ಎಪಿಎಯಲ್ಲಿ ಈ ಕಾಟವಿಲ್ಲ. ಅಲ್ಲಿ ಮೂವರು ಅಥವಾ ಹೆಚ್ಚು ಲೇಖಕರಿದ್ದರೆ ಪಠ್ಯದಲ್ಲಿ ಮೊದಲನೆಯವರ ಹೆಸರು ಬರೆದು 'ಮತ್ತಿತರರು' ಎಂಬರ್ಥದ ಎಟ್ ಆಲ್ ಹಾಕುವುದು, ನೇರವಾಗಿ ಉದ್ಧರಿಸಿದರೆ ಪುಟಸಂಖ್ಯೆ ಕೊಡುವುದು, ಪಟ್ಟಿಯ ಪ್ರತಿ ನಮೂದಿನ ಎರಡನೆಯ ಸಾಲಿನಿಂದ ಅರ್ಧ ಇಂಚು ಒಳಕ್ಕೆ ಸರಿಸುವುದು ಇತ್ಯಾದಿ ಬೇರೆ ನೇಮಗಳಿವೆ.

ಇವನ್ನೆಲ್ಲ ನೆನಪಿಟ್ಟುಕೊಳ್ಳುವ ಅಗತ್ಯವಿಲ್ಲ. ಝೊಟೆರೋ ಎಂಬ ಉಚಿತ ತಂತ್ರಾಂಶವಿದೆ. ಮೂಲಗಳ ವಿವರವನ್ನು ಒಮ್ಮೆ ಸೇರಿಸಿದರೆ ವರ್ಡ್ ಕಡತದೊಳಗೇ ಉಲ್ಲೇಖಗಳನ್ನೂ ಕೊನೆಯ ಪಟ್ಟಿಯನ್ನೂ ಅದು ಬೇಕಾದ ಶೈಲಿಯಲ್ಲಿ ಕೂರಿಸುತ್ತದೆ, ಎಪಿಎಯಿಂದ ಐಇಇಇಗೆ ಬದಲಿಸಲು ಒಂದು ಕ್ಲಿಕ್ ಸಾಕು. ಲೇಟೆಕ್ ಬಲ್ಲವರಿಗೆ ಬಿಬ್‌ಟೆಕ್ ಇದೆ. ಆದರೆ ತಂತ್ರಾಂಶಕ್ಕೆ ಕೊಟ್ಟ ಮಾಹಿತಿ ಕೆಟ್ಟದ್ದಾಗಿದ್ದರೆ ಅಚ್ಚುಕಟ್ಟಾಗಿ ಕೆಟ್ಟ ಪಟ್ಟಿ ಸಿಗುತ್ತದೆ.

ವೆಬ್‌ಸೈಟಿನ ಉಲ್ಲೇಖದಲ್ಲಿ ಬರಿಯ ಮುಖಪುಟದ ವಿಳಾಸ ಕೊಡುವುದು ಊರಿನ ಹೆಸರು ಮಾತ್ರ ಬರೆದು ಅಂಚೆಗೆ ಹಾಕಿದಂತೆ. ಪುಟವನ್ನು ಪ್ರಕಟಿಸಿದ ಸಂಸ್ಥೆ, ಪುಟದ ಶೀರ್ಷಿಕೆ, ದಿನಾಂಕ, ಆ ಪುಟದ ಪೂರ್ತಿ ವಿಳಾಸ ಬೇಕು. ಐಇಇಇ ನೀವು ನೋಡಿದ ದಿನವನ್ನೂ ಕೇಳುತ್ತದೆ. ಎಪಿಎ ಅದನ್ನು ಕೇಳುವುದು ಪದೇ ಪದೇ ಬದಲಾಗುವ ಪುಟಗಳಿಗೆ ಮಾತ್ರ. 'ಗೂಗಲ್' ಎಂಬುದು ಮೂಲವಲ್ಲ, ಮೂಲಕ್ಕೆ ದಾರಿ. ವಿಕಿಪೀಡಿಯವನ್ನು ಓದುವುದು ತಪ್ಪಲ್ಲ, ಅಲ್ಲಿಯ ಅಡಿಟಿಪ್ಪಣಿ ಹಿಡಿದು ಮೂಲಕ್ಕೆ ಹೋಗದಿರುವುದು ಸೋಮಾರಿತನ.

ನಮ್ಮ ಹೆಸರುಗಳ ತಕರಾರು

ಈ ಶೈಲಿಗಳು ಹುಟ್ಟಿದ್ದು ಎಲ್ಲರಿಗೂ ಮನೆತನದ ಹೆಸರಿರುವ ನಾಡುಗಳಲ್ಲಿ. ಎಪಿಎ 'ಮನೆತನದ ಹೆಸರು, ಆಮೇಲೆ ಇನಿಶಿಯಲ್' ಎನ್ನುತ್ತದೆ. ಧಾರವಾಡ, ಬೆಳಗಾವಿ ಕಡೆಯ ಪಾಟೀಲ, ಹಿರೇಮಠ, ಕುಲಕರ್ಣಿಗಳಿಗೆ ಇದು ಸಲೀಸು. ಹಳೆ ಮೈಸೂರಿನ ಕಡೆಯವರಿಗೆ ಮನೆತನದ ಹೆಸರೇ ಇಲ್ಲದಿರುವುದು ಸಾಮಾನ್ಯ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲನೆಯದು ಊರು, ಎರಡನೆಯದು ತಂದೆ, ಮೂರನೆಯದು ಆ ವ್ಯಕ್ತಿ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಮೊದಲ ಪದವೂ ಊರಿನದೇ. ಹಾಗಾಗಿ ಪಟ್ಟಿಯಲ್ಲಿ 'ಪುಟ್ಟಪ್ಪ, ಕೆ. ವಿ.' ಎಂದೂ 'ವಿಶ್ವೇಶ್ವರಯ್ಯ, ಎಂ.' ಎಂದೂ ಬರಬೇಕು. ಕೊನೆಯ ಪದವೇ ನಿಜವಾದ ಹೆಸರಾದ್ದರಿಂದ ಇಲ್ಲಿಯವರೆಗೆ ಅದೃಷ್ಟ ನಮ್ಮ ಕಡೆಗಿದೆ.

ತೊಂದರೆ ಶುರುವಾಗುವುದು ಇನಿಶಿಯಲ್ಲನ್ನು ಹೆಸರಿನ ಹಿಂದಕ್ಕೆ ಸೇರಿಸುವ ಈಗಿನ ರೂಢಿಯಿಂದ. 'ರಮೇಶ್ ಕೆ. ಎಸ್.' ಎಂಬ ಲೇಖಕರಿದ್ದಾರೆ ಎನ್ನಿ. ತಂತ್ರಾಂಶಕ್ಕೆ ಕೊನೆಯ ತುಣುಕೇ ಮನೆತನದ ಹೆಸರು. ಅದು ಪಟ್ಟಿಯಲ್ಲಿ 'ಎಸ್., ರಮೇಶ್ ಕೆ.' ಅಥವಾ ಇನ್ನೂ ಕೆಟ್ಟದಾಗಿ 'ಎಸ್., ಆರ್. ಕೆ.' ಎಂದು ಕೂರಿಸುತ್ತದೆ. ಪಠ್ಯದಲ್ಲಿ (ಎಸ್., 2021) ಎಂದು ಅಚ್ಚಾಗುತ್ತದೆ. ಯಾರೀ ಎಸ್? ಕಡಲಾಚೆಯ ನಿಯತಕಾಲಿಕೆಗಳ ದತ್ತಸಂಚಯಗಳಲ್ಲಿಯೂ ನಮ್ಮ ಲೇಖಕರ ಹೆಸರುಗಳು ಹೀಗೆ ತಿರುಚಿಕೊಂಡಿರುತ್ತವೆ, ಅಲ್ಲಿಂದ ಇಳಿಸಿಕೊಂಡರೆ ಆ ತಿರುಚುವಿಕೆ ನಿಮ್ಮ ವರದಿಗೂ ಬರುತ್ತದೆ. ಝೊಟೆರೋದಲ್ಲಿ ಪ್ರತಿ ಭಾರತೀಯ ಹೆಸರನ್ನೂ ಒಮ್ಮೆ ತೆರೆದು, ಮನೆತನದ ಹೆಸರಿನ ಜಾಗದಲ್ಲಿ ಪೂರ್ಣ ಪದವಿರುವ ಹೆಸರನ್ನೂ ಮತ್ತೊಂದರಲ್ಲಿ ಇನಿಶಿಯಲ್‌ಗಳನ್ನೂ ಸರಿಪಡಿಸುವುದು ಹತ್ತು ನಿಮಿಷದ ಕೆಲಸ. ಐಇಇಇ ಪಟ್ಟಿಯಲ್ಲಿ ಇನಿಶಿಯಲ್ ಮೊದಲು ಬಂದು ಹೆಸರು ಆಮೇಲೆ ಬರುತ್ತದೆ, 'ಕೆ. ವಿ. ಪುಟ್ಟಪ್ಪ' ಎಂಬಂತೆ. ಅಮೆರಿಕದ ಇಂಜಿನಿಯರುಗಳು ತಮಗೆ ಗೊತ್ತಿಲ್ಲದೆಯೇ ಹಳೆ ಮೈಸೂರಿನ ಪದ್ಧತಿ ಅನುಸರಿಸುತ್ತಿದ್ದಾರೆ ಎಂದು ತಮಾಷೆಗೆ ಹೇಳುತ್ತಿರುತ್ತೇನೆ.

ಕನ್ನಡದ ಮೂಲವನ್ನು ಇಂಗ್ಲಿಷ್ ವರದಿಯಲ್ಲಿ ಕೊಡಬೇಕಾದರೆ, ಎಪಿಎ ಪ್ರಕಾರ ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಕನ್ನಡವಾಗಿಯೇ ಬರೆದು, ಚೌಕ ಆವರಣದಲ್ಲಿ ಅದರ ಇಂಗ್ಲಿಷ್ ಅರ್ಥ ಕೊಡಬೇಕು. ರೈತರಿಗೋ ಸ್ವಸಹಾಯ ಗುಂಪಿನವರಿಗೋ ಕನ್ನಡದಲ್ಲಿ ಕೇಳಿದ ಪ್ರಶ್ನಾವಳಿಯನ್ನು ಅನುಬಂಧದಲ್ಲಿ ಕನ್ನಡದಲ್ಲಿಯೇ ಹಾಕಿ. ಅನುವಾದ ಮಾತ್ರ ಹಾಕಿದರೆ ನೀವು ನಿಜವಾಗಿ ಏನು ಕೇಳಿದಿರೆಂದು ತಿಳಿಯುವುದಿಲ್ಲ. ಅದನ್ನು ಯೂನಿಕೋಡಿನಲ್ಲಿ ಬೆರಳಚ್ಚಿಸಿ. ಹಳೆಯ ನುಡಿ ಅಥವಾ ಬರಹದ ಯೂನಿಕೋಡೇತರ ಫಾಂಟಿನಲ್ಲಿದ್ದರೆ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಾಗ ಇಡೀ ಪ್ರಶ್ನಾವಳಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ.

ಪುಟದ ಲೆಕ್ಕ

ಇನ್ನು ವಿನ್ಯಾಸ. ಎ4 ಹಾಳೆ, ಟೈಮ್ಸ್ ನ್ಯೂ ರೋಮನ್, 12 ಪಾಯಿಂಟ್, ಒಂದೂವರೆ ಸಾಲಿನ ಅಂತರ ಎಂಬುದು ನಮ್ಮ ಬಹುತೇಕ ಕಾಲೇಜುಗಳ ಮಂತ್ರ. ಈ ಫಾಂಟು ಲಂಡನ್ನಿನ ಟೈಮ್ಸ್ ಪತ್ರಿಕೆಗಾಗಿ 1932ರಲ್ಲಿ ಬಂದದ್ದು, ಪತ್ರಿಕೆಯ ಕಿರಿದಾದ ಅಂಕಣದಲ್ಲಿ ಹೆಚ್ಚು ಪದ ಹಿಡಿಸಲೆಂದು. ಎಡ ಅಂಚನ್ನು ಒಂದೂಕಾಲು ಅಥವಾ ಒಂದೂವರೆ ಇಂಚು ಬಿಡಲು ಹೇಳುವುದು ಬೈಂಡಿಂಗ್ ಅರ್ಧ ಇಂಚನ್ನು ನುಂಗುವುದರಿಂದ. ಕಾರಣ ತಿಳಿದರೆ ಅಳತೆ ತಾನಾಗಿ ನೆನಪಿರುತ್ತದೆ.

ವರ್ಡ್ ಕಡತ ಅಮೆರಿಕದ ಲೆಟರ್ ಗಾತ್ರದಲ್ಲಿದೆಯೇ ಎಂದು ಮೊದಲ ದಿನವೇ ನೋಡಿಕೊಳ್ಳಿ. ಲೆಟರ್ ಹಾಳೆ 216 ಮಿ.ಮೀ. ಅಗಲ, 279 ಮಿ.ಮೀ. ಉದ್ದ, ಎ4 ಹಾಳೆ 210 ಮತ್ತು 297. ಪರದೆಯ ಮೇಲೆ ಎರಡೂ ಒಂದೇ ತರ ಕಾಣುತ್ತವೆ. ಕೊನೆಗೆ ಗಾತ್ರ ಬದಲಿಸಿದಾಗ ಪುಟಗಳೆಲ್ಲ ಜರುಗಿ, ಚಿತ್ರ ಒಂದು ಪುಟದಲ್ಲಿ, ಅದರ ಹೆಸರು ಇನ್ನೊಂದು ಪುಟದಲ್ಲಿ ಹೋಗಿ ಕೂರುತ್ತದೆ.

ವಿದ್ಯಾರ್ಥಿಗಳನ್ನು ಅತಿ ಹೆಚ್ಚು ಗೋಳಾಡಿಸುವುದು ಪುಟಸಂಖ್ಯೆ. ರೂಢಿ ಹೀಗಿದೆ: ಮುಖಪುಟದಿಂದ ಪರಿವಿಡಿಯವರೆಗೆ, ಅಂದರೆ ಪ್ರಮಾಣಪತ್ರ, ಘೋಷಣೆ, ಕೃತಜ್ಞತೆ, ಸಾರಾಂಶ ಎಲ್ಲಕ್ಕೂ ಸಣ್ಣ ರೋಮನ್ ಅಂಕಿ, ಮೊದಲ ಅಧ್ಯಾಯದಿಂದ 1, 2, 3. ಮುಖಪುಟವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಆದರೆ ಅದರ ಮೇಲೆ ಅಂಕಿ ಅಚ್ಚು ಹಾಕುವುದಿಲ್ಲ. ಈ ಪದ್ಧತಿಗೂ ಅರ್ಥವಿದೆ. ಮುಂಭಾಗದ ಹಾಳೆಗಳು ಕೊನೆಯ ಗಳಿಗೆಯವರೆಗೂ ಹೆಚ್ಚುಕಡಿಮೆಯಾಗುತ್ತವೆ. ಒಂದು ಪ್ರಮಾಣಪತ್ರ ಹೆಚ್ಚಾಗಿ ಸೇರಿದರೆ ಇಡೀ ವರದಿಯ ಸಂಖ್ಯೆ ಕೆಡಬಾರದು. ವರ್ಡ್‌ನಲ್ಲಿ ಇದನ್ನು ಸಾಧಿಸಲು ಪರಿವಿಡಿಯ ಕೊನೆಯಲ್ಲಿ ಲೇಔಟ್ ಪಟ್ಟಿಯಿಂದ 'ನೆಕ್ಸ್ಟ್ ಪೇಜ್' ಎಂಬ ಸೆಕ್ಷನ್ ಬ್ರೇಕ್ ಹಾಕಬೇಕು. ಆಮೇಲೆ ಅಧ್ಯಾಯದ ಪುಟದ ಅಡಿಭಾಗಕ್ಕೆ ಹೋಗಿ 'ಲಿಂಕ್ ಟು ಪ್ರೀವಿಯಸ್' ಎಂಬುದನ್ನು ಆಫ್ ಮಾಡಬೇಕು, ಅಂದರೆ ಹಿಂದಿನ ವಿಭಾಗದ ಜೊತೆಗಿನ ನಂಟು ಕಡಿಯಬೇಕು. ನಂತರ ಅಂಕಿಯ ರೂಪ ಬದಲಿಸಿ 1ರಿಂದ ಶುರುವಾಗಲಿ ಎನ್ನಬೇಕು. ನಂಟು ಕಡಿಯುವ ಹೆಜ್ಜೆ ಮರೆತವರು ಎರಡು ಕಡತ ಮಾಡಿ ಬೇರೆ ಬೇರೆಯಾಗಿ ಮುದ್ರಿಸುತ್ತಾರೆ. ತಪ್ಪೇನಿಲ್ಲ, ಆದರೆ ಪರಿವಿಡಿ ಆಗ ಕೈಕೂಸಾಗಿಬಿಡುತ್ತದೆ. ಪ್ರತಿ ಬದಲಾವಣೆಗೂ ನೀವೇ ತಿದ್ದುತ್ತ ಕೂರಬೇಕು.

ಅಧ್ಯಾಯದ ಶೀರ್ಷಿಕೆಯನ್ನು ದಪ್ಪ ಮಾಡಿ, ದೊಡ್ಡದು ಮಾಡಿ, ನಡುವೆ ತಂದು ಕೂರಿಸಿದರೆ ಅದು ಕಣ್ಣಿಗೆ ಶೀರ್ಷಿಕೆ, ಕಂಪ್ಯೂಟರಿಗೆ ಬರಿಯ ದಪ್ಪ ಅಕ್ಷರ. ಹೆಡಿಂಗ್ 1, ಹೆಡಿಂಗ್ 2 ಎಂಬ ಸ್ಟೈಲ್‌ಗಳನ್ನು ಬಳಸಿದರೆ ಮಾತ್ರ ಅದಕ್ಕೆ ಇದು ಅಧ್ಯಾಯ, ಇದು ಉಪವಿಭಾಗ ಎಂದು ತಿಳಿಯುತ್ತದೆ, ಪರಿವಿಡಿಯನ್ನು ಅದೇ ಕಟ್ಟುತ್ತದೆ. ಚಿತ್ರ, ಕೋಷ್ಟಕಗಳ ಸಂಖ್ಯೆಯನ್ನೂ ಕ್ಯಾಪ್ಶನ್ ಸೌಲಭ್ಯದಿಂದಲೇ ಹಾಕಿ. ಕೋಷ್ಟಕದ ಹೆಸರು ಮೇಲೆ, ಚಿತ್ರದ ಹೆಸರು ಕೆಳಗೆ ಎಂಬುದು ನಮ್ಮ ಕಾಲೇಜುಗಳ ರೂಢಿ. ಎಪಿಎ ಎರಡನ್ನೂ ಮೇಲೆಯೇ ಹಾಕುತ್ತದೆ. ಪಠ್ಯದಲ್ಲಿ ಒಮ್ಮೆಯೂ ಪ್ರಸ್ತಾಪವಾಗದ ಚಿತ್ರ ಗೋಡೆಗೆ ಅಂಟಿಸಿದ ಕ್ಯಾಲೆಂಡರ್ ಇದ್ದಂತೆ. ನೀವೇ ತೆಗೆದ ಫೋಟೊ ಎಂದಾದರೆ ಹಾಗೆಂದು ಬರೆಯಿರಿ. ಬೇರೆಯವರ ನಕ್ಷೆ ನೋಡಿ ಬಿಡಿಸಿದ್ದಾದರೆ 'ಇಂಥದ್ದನ್ನು ಆಧರಿಸಿದ್ದು' ಎಂದು ಮೂಲದ ಸಂಖ್ಯೆ ಕೊಡಿ.

ಮಾನಗಳ ಬಗ್ಗೆ ಒಂದೇ ಮಾತು. ಇಂಗ್ಲಿಷಿನಲ್ಲಿ ಕಿಲೋವೋಲ್ಟ್ ಬರೆಯುವಾಗ ಕೆ ಸಣ್ಣಕ್ಷರ, ವಿ ದೊಡ್ಡಕ್ಷರ, ಅಂಕಿಗೂ ಅದಕ್ಕೂ ನಡುವೆ ಒಂದು ಖಾಲಿ ಜಾಗ. ಕೆ ದೊಡ್ಡದಾದರೆ ಅದು ಉಷ್ಣತೆಯ ಮಾನವಾದ ಕೆಲ್ವಿನ್. ಟ್ರಾನ್ಸ್‌ಫಾರ್ಮರಿನ ಎಂವಿಎಯಲ್ಲಿ ಮೊದಲ ಅಕ್ಷರವನ್ನು ಸಣ್ಣದಾಗಿ ಬರೆದರೆ ಮೆಗಾ ಹೋಗಿ ಮಿಲಿ ಆಗುತ್ತದೆ, ಒಂದು ಮನೆಯಷ್ಟು ದೊಡ್ಡ ಯಂತ್ರದ ಸಾಮರ್ಥ್ಯ ಒಂದೇ ಕೀಲಿಯಲ್ಲಿ ನೂರು ಕೋಟಿ ಪಟ್ಟು ಕುಗ್ಗುತ್ತದೆ.

ಶೇಕಡಾ ಹತ್ತರ ಗುಮ್ಮ

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ಕೃತಿಚೌರ್ಯ ತಡೆ ನಿಯಮಾವಳಿ ಹೊರಡಿಸಿತು. ಅದರ ಪ್ರಕಾರ ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ದಂಡನೆ ಇಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗಿನ ನಿಗದಿತ ಅವಧಿಯಲ್ಲಿ ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60ರವರೆಗೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ಆ ಕೋರ್ಸಿನ ನೋಂದಣಿಯೇ ರದ್ದು. ಈ ದಂಡನೆಗಳನ್ನು ಥೀಸಿಸ್ ಮತ್ತು ಪ್ರಬಂಧಗಳನ್ನು ಗಮನದಲ್ಲಿಟ್ಟು ಬರೆದದ್ದು. ಆದರೂ ತರಬೇತಿ ವರದಿಗೆ ಅದೇ ಅಳತೆಗೋಲು ಹಿಡಿಯುವ ಕಾಲೇಜುಗಳಿವೆ.

ಇಲ್ಲಿಂದ ಒಂದು ವಿಚಿತ್ರ ಆಟ ಶುರುವಾಯಿತು. ಹೋಲಿಕೆ ಅಳೆಯುವ ತಂತ್ರಾಂಶ ಶೇಕಡಾ 23 ಎನ್ನುತ್ತದೆ. ವಿದ್ಯಾರ್ಥಿ ಪದಗಳನ್ನು ಅದಲುಬದಲು ಮಾಡಿ 9ಕ್ಕೆ ಇಳಿಸುತ್ತಾನೆ. ಸರ್ಕ್ಯೂಟ್ ಬ್ರೇಕರ್ ಎಂಬುದನ್ನು 'ವಲಯ ಮುರಿಯುವವನು' ಎಂಬರ್ಥ ಬರುವ ಇಂಗ್ಲಿಷಿಗೆ ತಿರುಗಿಸಿದ ವರದಿಯನ್ನು ನಾನೇ ಓದಿದ್ದೇನೆ. ಆ ಶೇಕಡಾವಾರು ಹೇಳುವುದು ಪಠ್ಯ ಬೇರೆ ಪಠ್ಯಕ್ಕೆ ಎಷ್ಟು ಹೋಲುತ್ತದೆ ಎಂಬುದನ್ನಷ್ಟೇ. ಮೂಲ ಹೇಳದೆ ಬೇರೆಯವರ ತೀರ್ಮಾನವನ್ನು ಸ್ವಂತ ಪದಗಳಲ್ಲಿ ಬರೆದರೆ ಹೋಲಿಕೆ ಸೊನ್ನೆ ಬರಬಹುದು, ಕದ್ದದ್ದು ಕದ್ದದ್ದೇ. ಇನ್ನೊಂದು ಕಡೆ ಕಾನೂನಿನ ಕಲಮು, ಮಾನಕ ಸಮೀಕರಣ, ಉಲ್ಲೇಖಗಳ ಪಟ್ಟಿ, ಕೃತಜ್ಞತೆ, ಪರಿವಿಡಿ ಇವೆಲ್ಲ ಸಹಜವಾಗಿಯೇ ಹೋಲುತ್ತವೆ. ಯುಜಿಸಿ ನಿಯಮಾವಳಿಯೇ ಇವನ್ನು ಲೆಕ್ಕದಿಂದ ಬಿಡಬೇಕು ಎನ್ನುತ್ತದೆ. ನಿಮ್ಮ ವರದಿಗೆ 18 ಬಂದರೆ ಹೌಹಾರುವ ಮೊದಲು ಬಣ್ಣ ಬಳಿದ ಸಾಲುಗಳನ್ನು ನೋಡಿ. ಪ್ರಮಾಣಪತ್ರದ ಒಕ್ಕಣೆಗೆ ಬಣ್ಣ ಬಿದ್ದಿದ್ದರೆ ಚಿಂತೆಯಿಲ್ಲ. ನಾಲ್ಕನೆಯ ಅಧ್ಯಾಯದ 'ನಾನು ಕಲಿತದ್ದು' ಎಂಬ ಪ್ಯಾರಾಕ್ಕೆ ಬಣ್ಣ ಬಿದ್ದಿದ್ದರೆ ಶೇಕಡಾ 3 ಆದರೂ ನಾಚಿಕೆಯ ವಿಷಯ. ನೀವು ಕಲಿತದ್ದು ಬೇರೆಯವರು ಬರೆದಿಟ್ಟಲ್ಲಿ ಇರುವುದು ಹೇಗೆ?

ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳು ಬಂದ ಮೇಲೆ ಹೊಸದೊಂದು ರೋಗ ಸೇರಿಕೊಂಡಿದೆ: ಇಲ್ಲದ ಲೇಖನಗಳ ಉಲ್ಲೇಖ. ಲೇಖಕರ ಹೆಸರು, ನಿಯತಕಾಲಿಕೆ, ಸಂಪುಟ, ಪುಟ ಎಲ್ಲವೂ ನಂಬುವಂತಿರುತ್ತವೆ, ಲೇಖನ ಮಾತ್ರ ಭೂಮಿಯ ಮೇಲೆ ಇರುವುದಿಲ್ಲ. ಪರೀಕ್ಷಿಸುವ ದಾರಿ ಸುಲಭ. ಈಚಿನ ಹೆಚ್ಚಿನ ಸಂಶೋಧನಾ ಲೇಖನಗಳಿಗೆ 10 ಎಂಬ ಅಂಕಿಯಿಂದ ಶುರುವಾಗುವ ಡಿಒಐ ಎಂಬ ಕಾಯಂ ಗುರುತು ಇರುತ್ತದೆ. ಡಿಒಐ ಡಾಟ್ ಆರ್ಗ್ ತಾಣದಲ್ಲಿ ಅದನ್ನು ಹಾಕಿದರೆ ಲೇಖನ ತೆರೆದುಕೊಳ್ಳಬೇಕು. ತೆರೆಯದಿದ್ದರೆ, ಅಥವಾ ಮೀನು ಸಾಕಣೆಯ ಲೇಖನ ತೆರೆದುಕೊಂಡರೆ, ಆ ನಮೂದನ್ನು ಅಳಿಸಿ. ತೆರೆದರೂ ಓದದೆ ಉಲ್ಲೇಖಿಸಬೇಡಿ. ವೈವಾದಲ್ಲಿ ನಾನು ಕೇಳುವ ಮೊದಲ ಪ್ರಶ್ನೆಯೇ ಪಟ್ಟಿಯ ಐದನೆಯ ಮೂಲದಲ್ಲಿ ಏನಿದೆ ಎಂಬುದು. ಭಾಷೆ ತಿದ್ದಲು ಅಥವಾ ರೂಪರೇಷೆಗೆ ಇಂಥ ಸಾಧನ ಬಳಸಲು ನಿಮ್ಮ ಕಾಲೇಜು ಒಪ್ಪುವುದಾದರೆ ಬಳಸಿದ್ದನ್ನು ಬರೆದೇ ಬಿಡಿ. ಅದನ್ನು ಮೂಲವೆಂದು ಮಾತ್ರ ಹಿಡಿಯಬೇಡಿ. ಅದು ನಿಮ್ಮ ಸಬ್‌ಸ್ಟೇಷನ್ನಿಗೆ ಬಂದಿರಲಿಲ್ಲ.

ಜೆರಾಕ್ಸ್ ಅಂಗಡಿಗೆ ಹೋಗುವ ಮುನ್ನ

ಇಡೀ ಕಡತವನ್ನು ಆಯ್ಕೆ ಮಾಡಿ ಎಫ್9 ಒತ್ತಿ. ಪರಿವಿಡಿ, ಚಿತ್ರಗಳ ಪಟ್ಟಿ, ಪಠ್ಯದೊಳಗಿನ 'ಚಿತ್ರ 3.4' ಎಲ್ಲವೂ ಹೊಸದಾಗುತ್ತವೆ. ಆಮೇಲೆ 'ಎರರ್! ಬುಕ್‌ಮಾರ್ಕ್ ನಾಟ್ ಡಿಫೈನ್ಡ್' ಎಂಬ ಸಾಲು ಎಲ್ಲಾದರೂ ಇದೆಯೇ ಎಂದು ಹುಡುಕಿ. ಅಳಿಸಿಹೋದ ಶೀರ್ಷಿಕೆಯನ್ನು ಪರಿವಿಡಿ ಹುಡುಕಿ ಸೋತಾಗ ಬರುವ ಗೋಳು ಅದು. ಚಿನ್ನದ ಅಕ್ಷರದ ರಟ್ಟಿನೊಳಗೆ, ಪರಿವಿಡಿಯ ಹದಿನಾಲ್ಕು ಸಾಲುಗಳ ಮುಂದೆಯೂ ಪುಟಸಂಖ್ಯೆಯ ಬದಲು ಇದೇ ಸಾಲು ದಪ್ಪಕ್ಷರದಲ್ಲಿ ಅಚ್ಚಾಗಿದ್ದ ವರದಿಯೊಂದು ನನ್ನ ಕಪಾಟಿನಲ್ಲಿದೆ.

ಅಂಗಡಿಗೆ ವರ್ಡ್ ಕಡತ ಒಯ್ಯಬೇಡಿ, ಪಿಡಿಎಫ್ ಒಯ್ಯಿರಿ. ಮುದ್ರಿಸುವವರಿಗೆ 'ಫಿಟ್ ಟು ಪೇಜ್' ತೆಗೆಯಲು ಹೇಳಿ, ಇಲ್ಲವಾದರೆ ಅಳೆದು ಬಿಟ್ಟ ಅಂಚು ಬದಲಾಗುತ್ತದೆ. ಗೈಡ್, ಎಚ್‌ಒಡಿ, ಪ್ರಾಂಶುಪಾಲರ ಸಹಿಗಳು ಬೈಂಡಿಂಗ್‌ಗೆ ಮೊದಲೇ ಬೀಳಲಿ. ಬೈಂಡ್ ಆದ ಮೇಲೆ ತಪ್ಪು ಹುಡುಕಿ ಕೊಡುವುದರಲ್ಲಿ ನಮ್ಮ ಎಚ್‌ಒಡಿಗಳಿಗೆ ವಿಶೇಷ ಪರಿಣತಿ ಇದೆ.